‘4ಎಬಿ’ ಅಂದ್ರೆ ಏನ್ರೀ? ಭ್ರೂಣದ ರಿಪೋರ್ಟ್ ಓದುವುದು ಹೇಗೆ

ಹುಬ್ಬಳ್ಳಿ ಗೋಕುಲ ರೋಡಿನ ಹೊಸ ಬಸ್ ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತಾ ಆ ಚೀಟಿಯನ್ನು ಹತ್ತು ಸಲ ಓದಿರಬೇಕು. ಇದ್ದದ್ದು ಮೂರೇ ಸಾಲು. 4ಎಬಿ, 3ಬಿಬಿ, 5ಬಿಸಿ. ಕೆಳಗೆ ಯಾರೋ ಪೆನ್ನಿನಲ್ಲಿ ‘ಗುಡ್’ ಅಂತ ಗೀಚಿದ್ದರು. ಗುಡ್ ಯಾವುದಕ್ಕೆ? ಮೂರಕ್ಕೂ ಸೇರಿಯೋ, ಒಂದಕ್ಕೋ? ಹೇಳುವವರು ಇರಲಿಲ್ಲ. ನನ್ನ ಗಂಡ ಇಣುಕಿ ನೋಡಿ, “ಎಸ್ಸೆಸ್ಸೆಲ್ಸಿ ಗ್ರೇಡ್ ಇದ್ದಂಗ ಐತಲ್ಲ” ಅಂದ. ನಗು ಬಂತು. ಬಸ್ಸು ಶಿಗ್ಗಾವಿ ದಾಟುವ ಹೊತ್ತಿಗೆ ಸಿಟ್ಟೂ ಬಂತು.

ಐವಿಎಫ್, ಅಂದರೆ ಅಂಡಾಣು ವೀರ್ಯಾಣು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆ ಮಾಡಿಸುವವರ ಕೈಗೆ ಇಂಥ ಚೀಟಿ ಬಂದೇ ಬರುತ್ತದೆ. ಓದುವುದು ಅಂಥ ಕಷ್ಟವೇನಲ್ಲ. ಆದರೆ ಶುರುವಿಗೇ ಒಂದು ಮಾತು ತಲೆಯಲ್ಲಿರಲಿ. ಗ್ರೇಡ್ ಹೇಳುವುದು ಭ್ರೂಣ ನೋಡೋಕೆ ಹೇಗಿದೆ ಅಂತ. ಕೋಶದೊಳಗೆ ವಂಶದ ಗುಣ ಹೊರುವ ಎಳೆಗಳ, ಅಂದರೆ ಕ್ರೋಮೋಸೋಮ್‌ಗಳ ಲೆಕ್ಕ ಸರಿ ಇದೆಯೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪರೀಕ್ಷೆ, ಬೇರೆ ದುಡ್ಡು.

ನನ್ನ ತವರು ರಾಣೆಬೆನ್ನೂರು ಕಡೆ. ಅಲ್ಲಿ ಬೀಜೋತ್ಪಾದನೆ ಜಾಸ್ತಿ. ಟೊಮೆಟೊ, ಮೆಣಸಿನಕಾಯಿ ಹೂವಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸಕ್ಕೆ ನಮ್ಮೂರಲ್ಲಿ ‘ಕ್ರಾಸಿಂಗ್’ ಅಂತಾರೆ. ಬೀಜ ಎಷ್ಟೇ ದಪ್ಪಗೆ ಹೊಳೆಯುತ್ತಿದ್ದರೂ ಕಂಪನಿಯವರು ಕಣ್ಣಳತೆಯಲ್ಲಿ ನಂಬುವುದಿಲ್ಲ. ಸ್ಯಾಂಪಲ್ ಪರೀಕ್ಷೆಗೆ ಹೋಗುತ್ತದೆ, ಪಾಸಾದ ಮೇಲೆ ರೈತರಿಗೆ ದುಡ್ಡು. ಚೀಟಿಯ ಕಥೆ ಕೇಳಿದ ಅವ್ವ, “ಅಂದ್ರ ನಿಂದೂ ಕ್ರಾಸಿಂಗೇ ಆತಲ್ಲ” ಅಂದಳು. ನಾನು ಓದಿದ ಯಾವ ಕರಪತ್ರವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮೊದಲು ಎಣಿಕೆ ನೋಡಿ

ಅಕ್ಷರಗಳಿಗೆ ಹೋಗುವ ಮುಂಚೆ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ತೆಗೆದ ಅಂಡಾಣು ಎಷ್ಟು, ಅದರಲ್ಲಿ ಬಲಿತದ್ದು ಎಷ್ಟು, ಫಲಿಸಿದ್ದು ಎಷ್ಟು, ಐದು-ಆರನೇ ದಿನದವರೆಗೆ ಬೆಳೆದದ್ದು ಎಷ್ಟು. ನಮ್ಮದು 12, 9, 7, 3. ಹನ್ನೆರಡು ಮೂರಾಯಿತಲ್ಲ ಅಂತ ಅವತ್ತು ಅತ್ತಿದ್ದೆ. ಆದರೆ ಈ ಇಳಿಕೆ ಎಲ್ಲರಿಗೂ ಇದ್ದದ್ದೇ. ಫಲಿಸಿದವುಗಳಲ್ಲಿ ಅರ್ಧದ ಆಸುಪಾಸು ಮಾತ್ರ ಐದನೇ ದಿನ ಮುಟ್ಟುತ್ತವೆ.

ಫಲಿಸಿದೆಯೇ ಅಂತ ನೋಡುವುದು ವೀರ್ಯಾಣು ಸೇರಿಸಿದ 16ರಿಂದ 18 ಗಂಟೆಗೆ. ಮೈಕ್ರೋಸ್ಕೋಪಿನಲ್ಲಿ ಎರಡು ಸಣ್ಣ ಉಂಗುರ ಕಾಣಬೇಕು, ತಾಯಿಯದೊಂದು, ತಂದೆಯದೊಂದು. ಚೀಟಿಯಲ್ಲಿ ಇದನ್ನು ‘2ಪಿಎನ್’ ಅಂತ ಬರೆಯುತ್ತಾರೆ. ಮೂರು ಉಂಗುರ ಕಂಡರೆ ಅದನ್ನು ಬಳಸುವುದಿಲ್ಲ.

ಮೂರನೇ ದಿನದ ಸಾಲು ಇದ್ದರೆ ಬೇಗ ಓದಿ ಮುಂದೆ ಹೋಗಿ. ಎರಡನೇ ದಿನ 4 ಕೋಶ, ಮೂರನೇ ದಿನ 8ರ ಆಸುಪಾಸು ಇದ್ದರೆ ಸರಿ. ಕೋಶಗಳು ಒಂದೇ ಅಳತೆಯಲ್ಲಿರಬೇಕು, ನಡುವೆ ಚೂರುಚಾರು ಕಡಿಮೆ ಇರಬೇಕು. ಈ ಚೂರಿಗೆ ‘ಫ್ರಾಗ್ಮೆಂಟೇಶನ್’ ಅಂತಾರೆ. 10 ಶೇಕಡಕ್ಕಿಂತ ಕಡಿಮೆ ಇದ್ದರೆ ಚಿಂತೆ ಬೇಡ, 25 ದಾಟಿದರೆ ಜಾಸ್ತಿ ಅಂತ ಲೆಕ್ಕ.

ಈಗ 4ಎಬಿ

ಐದನೇ ದಿನದ ಭ್ರೂಣದ ಹೆಸರು ಬ್ಲಾಸ್ಟೊಸಿಸ್ಟ್. ನೂರರ ಆಸುಪಾಸು ಕೋಶ, ನಡುವೆ ನೀರು ತುಂಬಿದ ಪೊಳ್ಳು. ಪುಟ್ಟ ಬಲೂನು ಅಂದುಕೊಳ್ಳಿ. ಬಲೂನಿನ ಒಳಗೋಡೆಗೆ ಒಂದು ಕಡೆ ಕೋಶಗಳ ಗುಂಪು ಅಂಟಿಕೊಂಡಿರುತ್ತದೆ. ಮಗು ಆಗುವುದು ಆ ಗುಂಪಿನಿಂದ. ಬಲೂನಿನ ಹೊರಪದರದಿಂದ ಮಾಸು ಬೆಳೆಯುತ್ತದೆ.

ಬಹಳ ಲ್ಯಾಬುಗಳು ಬಳಸುವುದು ಗಾರ್ಡ್‌ನರ್ ಪದ್ಧತಿ, 1999ರಿಂದ ಚಾಲ್ತಿಯಲ್ಲಿದೆ. ಅದರಲ್ಲಿ ಒಂದು ಅಂಕಿ, ಎರಡು ಅಕ್ಷರ. ಅಂಕಿ ಅಂದರೆ ಬಲೂನು ಎಷ್ಟು ಉಬ್ಬಿದೆ ಅಂತ, 1ರಿಂದ 6. ಮೂರು ಅಂದರೆ ಪೊಳ್ಳು ತುಂಬಿದೆ. ನಾಲ್ಕು ಅಂದರೆ ಇನ್ನೂ ಹಿಗ್ಗಿ ಹೊರಗಿನ ಚಿಪ್ಪು ತೆಳುವಾಗಿದೆ. ಐದು, ಚಿಪ್ಪು ಸೀಳಿ ಹೊರಗೆ ಬರುತ್ತಿದೆ. ಆರು, ಪೂರ್ತಿ ಬಂದಾಯಿತು. ಮೊದಲ ಅಕ್ಷರ ಒಳಗಿನ ಗುಂಪಿಗೆ, ಎರಡನೆಯದು ಹೊರಪದರಕ್ಕೆ. ಎ ಅಂದರೆ ಕೋಶಗಳು ಒತ್ತಾಗಿ ಚೆನ್ನಾಗಿ ಕೂಡಿವೆ, ಬಿ ಸ್ವಲ್ಪ ಸಡಿಲ, ಸಿ ತೀರಾ ಕಡಿಮೆ.

ಹಾಗಾದರೆ ನಮ್ಮ 4ಎಬಿ? ಚೆನ್ನಾಗಿ ಹಿಗ್ಗಿದೆ, ಒಳಗುಂಪು ಗಟ್ಟಿ, ಹೊರಪದರ ನಡುಮಟ್ಟ. ನನ್ನ ನಿದ್ದೆ ಕೆಡಿಸಿದ್ದು 5ಬಿಸಿ. ಸಿ ಅಂದ ಕೂಡಲೇ ಫೇಲು ಅನಿಸುತ್ತದೆ, ಅಲ್ವಾ? ಆದರೆ ಸಿ ಇದ್ದ ಭ್ರೂಣದಿಂದಲೂ ಮಕ್ಕಳು ಹುಟ್ಟಿದ್ದಾರೆ. ಅವಕಾಶ ಕಡಿಮೆ, ಅಷ್ಟೇ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಗ್ರೇಡ್ ಕೊಡುವುದು ಒಬ್ಬ ಮನುಷ್ಯನ ಕಣ್ಣು. ಒಂದೇ ಭ್ರೂಣಕ್ಕೆ ಇಬ್ಬರು ಬೇರೆ ಬೇರೆ ಅಕ್ಷರ ಕೊಡುವುದುಂಟು. ಬೆಳಗ್ಗೆ 3 ಇದ್ದದ್ದು ಸಂಜೆಗೆ 4 ಆಗಿರುತ್ತದೆ. ಅದಕ್ಕೇ ಯಾವ ದಿನ, ಎಷ್ಟು ಗಂಟೆಗೆ ನೋಡಿದ್ದು ಅಂತ ಕೇಳಿ.

ಕ್ರೋಮೋಸೋಮ್ ಲೆಕ್ಕ

ಪ್ರತಿ ಕೋಶದಲ್ಲಿ 46 ಕ್ರೋಮೋಸೋಮ್ ಇರಬೇಕು, 23 ಜೋಡಿ. ಒಂದು ಜಾಸ್ತಿಯಾದರೂ ಕಡಿಮೆಯಾದರೂ ಬಹುತೇಕ ಭ್ರೂಣ ಗರ್ಭದಲ್ಲಿ ಕಚ್ಚುವುದಿಲ್ಲ, ಇಲ್ಲವೇ ಮೊದಲ ತಿಂಗಳುಗಳಲ್ಲೇ ಹೋಗುತ್ತದೆ. ಕೆಲವು ಮಾತ್ರ ಉಳಿಯುತ್ತವೆ. 21ನೇ ಕ್ರೋಮೋಸೋಮ್ ಮೂರಾದರೆ ಡೌನ್ ಸಿಂಡ್ರೋಮ್.

ಲೆಕ್ಕ ತಪ್ಪುವುದಕ್ಕೆ ಮುಖ್ಯ ಕಾರಣ ಅಂಡಾಣುವಿನ ವಯಸ್ಸು. ಲೆಕ್ಕ ತಪ್ಪಿದ ಭ್ರೂಣ 30ರ ವಯಸ್ಸಿನಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು, 35ಕ್ಕೆ ಮೂರಕ್ಕೊಂದು, 40ಕ್ಕೆ ಅರ್ಧಕ್ಕಿಂತ ಜಾಸ್ತಿ. ಗ್ರೇಡ್ ನೋಡಿ ಇದನ್ನು ಹೇಳೋಕಾಗುವುದಿಲ್ಲ. ಅಂದವಾದ 4ಎಎ ಒಳಗೂ ಲೆಕ್ಕ ತಪ್ಪಿರಬಹುದು, ಬಡಕಲು 3ಬಿಸಿ ಸರಿ ಇರಬಹುದು.

ಪರೀಕ್ಷೆಯ ಹೆಸರು ಪಿಜಿಟಿ-ಎ. ಭ್ರೂಣದ ಚಿಪ್ಪಿಗೆ ಲೇಸರಿನಿಂದ ತೂತು ಮಾಡಿ, ಹೊರಪದರದ 5ರಿಂದ 10 ಕೋಶ ಹೀರಿ ತೆಗೆಯುತ್ತಾರೆ. ಮಗುವಾಗುವ ಗುಂಪನ್ನು ಮುಟ್ಟುವುದಿಲ್ಲ. ಆಮೇಲೆ ಭ್ರೂಣವನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡುತ್ತಾರೆ. ಪ್ರಯಾಣ ಮಾಡುವುದು ಆ ನಾಲ್ಕಾರು ಕೋಶ ಮಾತ್ರ. ನಮ್ಮದು ಬೇರೆ ಊರಿನ ಲ್ಯಾಬಿಗೆ ಹೋಯಿತು, ಭ್ರೂಣ ಹುಬ್ಬಳ್ಳಿಯಲ್ಲೇ ಇತ್ತು. ಅವ್ವನ ಹೊಲದ ಸ್ಯಾಂಪಲ್ ಪೊಟ್ಟಣ ನೆನಪಾಯಿತು. ಆದರೆ ಅಲ್ಲಿ ಪರೀಕ್ಷೆ ಮಾಡಿದ ಬೀಜ ಬೇರೆ, ಬಿತ್ತುವ ಬೀಜ ಬೇರೆ. ಇಲ್ಲಿ ಬಿತ್ತುವ ಬೀಜದಿಂದಲೇ ಚೂರು ತೆಗೆಯಬೇಕು.

ರಿಪೋರ್ಟಿನಲ್ಲಿ ಮೂರು ಮಾತು ಬರಬಹುದು. ‘ಯೂಪ್ಲಾಯ್ಡ್’ ಅಂದರೆ ಲೆಕ್ಕ ಸರಿ. ‘ಅನ್ಯೂಪ್ಲಾಯ್ಡ್’ ಅಂದರೆ ತಪ್ಪಿದೆ. ‘ಮೊಸಾಯಿಕ್’ ಅಂದರೆ ಕೆಲವು ಕೋಶ ಸರಿ, ಕೆಲವು ಇಲ್ಲ. ಈ ಮೂರನೆಯದರಲ್ಲೇ ತಕರಾರು. ನೂರು ಕೋಶದಲ್ಲಿ ಐದಾರು ನೋಡಿ ಹೇಳಿದ ಮಾತು ಅದು, ಅದೂ ಮಾಸಾಗುವ ಕಡೆಯಿಂದ. ಮೊಸಾಯಿಕ್ ಭ್ರೂಣದಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ್ದಾರೆ. ಹಾಗಾಗಿ ಆ ಪದ ಕಂಡರೆ ಭ್ರೂಣ ಬಿಡಿ ಅನ್ನುವ ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಯೂಪ್ಲಾಯ್ಡ್ ಬಂದರೂ ಗ್ಯಾರಂಟಿ ಅಂತಲ್ಲ, ಅಂಥ ಭ್ರೂಣವೂ ಕಚ್ಚದೇ ಹೋಗುವುದುಂಟು.

ನಿಮಗೆ ಬೇಕೇ?

ನನ್ನ ತಕರಾರು ಇಲ್ಲೇ. ಈ ಪರೀಕ್ಷೆ ಭ್ರೂಣವನ್ನು ಚೂರೂ ಸುಧಾರಿಸುವುದಿಲ್ಲ. ಇದ್ದದ್ದರಲ್ಲಿ ಯಾವುದನ್ನು ಮೊದಲು ಗರ್ಭಕೋಶಕ್ಕೆ ಹಾಕಬೇಕು ಅಂತ ಹೇಳುತ್ತದೆ. ಒಂದೇ ಭ್ರೂಣ ಇದ್ದರೆ ಆರಿಸುವುದೇನಿದೆ? 2019ರಲ್ಲಿ ಪ್ರಕಟವಾದ ‘ಸ್ಟಾರ್’ ಅಧ್ಯಯನದಲ್ಲಿ 25ರಿಂದ 40 ವರ್ಷದವರನ್ನು ಎರಡು ಗುಂಪು ಮಾಡಿ ನೋಡಿದರು. ಗರ್ಭ ನಿಂತದ್ದು ಪರೀಕ್ಷೆ ಮಾಡಿಸಿದವರಲ್ಲಿ 50 ಶೇಕಡ, ಬರೀ ಗ್ರೇಡ್ ನೋಡಿ ಹಾಕಿದವರಲ್ಲಿ 46. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. 2021ರ ಚೀನಾದ ಅಧ್ಯಯನದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಒಳ್ಳೆಯ ಭ್ರೂಣ ಇದ್ದ, 37ರ ಒಳಗಿನ ಮಹಿಳೆಯರಿಗೆ ಪರೀಕ್ಷೆಯಿಂದ ಮಗು ಆಗುವ ಪ್ರಮಾಣ ಹೆಚ್ಚಲಿಲ್ಲ. ಗರ್ಭಪಾತ ಮಾತ್ರ ಸ್ವಲ್ಪ ಕಡಿಮೆ ಇತ್ತು. ವಯಸ್ಸು ಜಾಸ್ತಿ ಇದ್ದು, ಮತ್ತೆ ಮತ್ತೆ ಗರ್ಭ ಹೋಗಿದ್ದು, ಭ್ರೂಣಗಳೂ ನಾಲ್ಕಾರು ಇದ್ದರೆ ವಿಚಾರ ಮಾಡಬಹುದು. ಅದಕ್ಕೂ ಮೊದಲು ಗಂಡ ಹೆಂಡತಿ ಇಬ್ಬರೂ ತಮ್ಮ ಕ್ರೋಮೋಸೋಮ್ ನೋಡುವ ಕ್ಯಾರಿಯೋಟೈಪ್ ರಕ್ತಪರೀಕ್ಷೆ ಮಾಡಿಸಿದ್ದೀರಾ ನೋಡಿ.

ನಮ್ಮ ಕಡೆಯ ಇನ್ನೊಂದು ವಿಷಯ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಸಂಬಂಧ ಇಲ್ಲಿ ಮಾಮೂಲು. ಅದರಿಂದ ಬರುವ ಅಪಾಯ ಒಂದೇ ಜೀನಿನ ಕಾಯಿಲೆಗಳದು, ಉದಾಹರಣೆಗೆ ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ. ಪಿಜಿಟಿ-ಎ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಪಿಜಿಟಿ-ಎಂ, ಅದೂ ಮನೆತನದಲ್ಲಿ ಯಾವ ದೋಷ ಅಂತ ಮೊದಲೇ ಗೊತ್ತಿದ್ದರೆ. ಸೋದರಿಕೆಯ ಜೋಡಿಗೆ ಪಿಜಿಟಿ-ಎ ಮಾಡಿಸಿ ‘ಎಲ್ಲ ನೋಡಿದ್ದೇವೆ’ ಅಂದರೆ ಅದು ಅರ್ಧ ಮಾತು.

ಕಾನೂನೂ ಗೊತ್ತಿರಲಿ. ಐವಿಎಫ್‌ನಂಥ ಚಿಕಿತ್ಸೆಗಳಿಗಿರುವ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಭ್ರೂಣದ ಜೆನೆಟಿಕ್ ಪರೀಕ್ಷೆ ಇರುವುದು ಗೊತ್ತಿರುವ, ವಂಶದಲ್ಲಿ ಬರುವ ಅಥವಾ ಜೆನೆಟಿಕ್ ಕಾಯಿಲೆ ನೋಡುವುದಕ್ಕೆ. ಪ್ಯಾಕೇಜಿನಲ್ಲೇ ಸೇರಿಸಿದ್ದರೆ, ನಮಗೆ ಯಾವ ಕಾರಣಕ್ಕೆ ಅಂತ ಬರಹದಲ್ಲಿ ಕೇಳಿ. “ಗಂಡೋ ಹೆಣ್ಣೋ ಗೊತ್ತಾಗತೈತಲ್ರೀ” ಅಂತ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರು ಕೇಳಿದರು. ಲ್ಯಾಬಿಗೆ ಗೊತ್ತಾಗುತ್ತದೆ, ಆದರೆ ಹೇಳುವುದೂ ಕೇಳುವುದೂ ಅಪರಾಧ.

ಮುಂದಿನ ಭೇಟಿಗೆ ಹೋದಾಗ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು, ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವ ಎಂಬ್ರಿಯಾಲಜಿಸ್ಟ್ ಬೇಕು ಅಂತ ಕೂತೆ. ಮುಕ್ಕಾಲು ಗಂಟೆ ಕಾಯಿಸಿದ ಮೇಲೆ ಬಂದರು. ಸಾಲು ಸಾಲಾಗಿ ವಿವರಿಸಿದರು, ಚೆನ್ನಾಗಿಯೇ ವಿವರಿಸಿದರು. ಕೊನೆಗೆ ಆ ‘ಗುಡ್’ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಅದು ಭ್ರೂಣದ ಬಗ್ಗೆ ಅಲ್ಲವೇ ಅಲ್ಲವಂತೆ. ಅವತ್ತಿನ ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ನೋಡಿದ ಡಾಕ್ಟರು, ಕೈಗೆ ಸಿಕ್ಕ ಚೀಟಿಯ ಮೇಲೆ ಬರೆದದ್ದಂತೆ.