ವರದಿಗಾರನ ಶಿಸ್ತಿನಿಂದ ಬಾಲ್ಯವನ್ನು ಬರೆಯುವ ಬಗೆ

ಬಾಲ್ಯದ ನೆನಪುಗಳನ್ನು ಬರೆಯಲು ಕುಳಿತವರು ಮನೆತನದ ಇತಿಹಾಸದಿಂದ ಆರಂಭಿಸುವುದು ವಾಡಿಕೆ. ಅದರ ಬದಲು, ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ ಒಂದು ವಸ್ತುವಿನಿಂದ ಆರಂಭಿಸಿ. ಪೋಲೆಂಡಿನ ಸುದ್ದಿಸಂಸ್ಥೆಗಾಗಿ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದಿಂದ ವರದಿ ಮಾಡಿದ ರಿಷಾರ್ಡ್ ಕಪುಶ್ಚಿನ್‌ಸ್ಕಿ (1932–2007) ಇದಕ್ಕೆ ಉತ್ತಮ ಮಾದರಿ. ಅವರು ಹುಟ್ಟಿದ ಪಿನ್ಸ್ಕ್ ಪಟ್ಟಣ ಆಗ ಪೋಲೆಂಡಿಗೆ ಸೇರಿತ್ತು, ಈಗ ಬೆಲಾರೂಸಿನಲ್ಲಿದೆ. 1939ರಲ್ಲಿ ಸೋವಿಯತ್ ಸೇನೆ ಅಲ್ಲಿಗೆ ಬಂದಾಗ ಅವರಿಗೆ ಏಳು ವರ್ಷ. ಆ ದಿನಗಳ ನೆನಪು 1993ರ ‘ಇಂಪೀರಿಯಂ’ ಕೃತಿಯ ಆರಂಭದಲ್ಲಿದೆ. ಅಂಗಡಿಗೆ ಮಿಠಾಯಿ ಬರುತ್ತದೆಂದು ಕೇಳಿದ ಮಕ್ಕಳು ರಾತ್ರಿಯಿಡೀ ಚಳಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಕೊನೆಗೆ ಅವರಿಗೆ ದಕ್ಕುವುದು ಮಿಠಾಯಿಯಿದ್ದ ಖಾಲಿ ಡಬ್ಬಿಗಳು ಮಾತ್ರ. ಡಬ್ಬಿಯ ಅಂಚಿಗೆ ಅಂಟಿದ್ದ ಸಿಹಿಯನ್ನು ಬಿಸಿನೀರಿನಲ್ಲಿ ಕರಗಿಸಿ ಕುಡಿಯುತ್ತಾರೆ. ಇಷ್ಟು ಹೇಳಿದ ಮೇಲೆ ಹಸಿವಿನ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಎರಡನೆಯದಾಗಿ, ಪುಟವನ್ನು ನಡುವೆ ಗೆರೆಯೆಳೆದು ಭಾಗ ಮಾಡಿ, ಮಗುವಾಗಿ ಕಂಡದ್ದನ್ನು ಒಂದು ಕಡೆ, ದೊಡ್ಡವರಾದ ಮೇಲೆ ಓದಿ ಕೇಳಿ ತಿಳಿದದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಏಳು ವರ್ಷದ ಮಗುವಿನ ಬಾಯಲ್ಲಿ ಅಂತಾರಾಷ್ಟ್ರೀಯ ಒಪ್ಪಂದಗಳ ಮಾತು ಬರಬಾರದು.

ವೃತ್ತಿಜೀವನದ ಅಧ್ಯಾಯಗಳಿಗೆ ಪ್ರಕಟವಾದ ವರದಿಗಳನ್ನು ನೆಚ್ಚಿಕೊಂಡರೆ ಸಾಲದು. ಟೈಪು ಮಾಡಿದ ಸುದ್ದಿಯನ್ನು ತಂತಿಯ ಮೂಲಕ ದೂರಕ್ಕೆ ಕಳಿಸುವ ಟೆಲೆಕ್ಸ್ ಯಂತ್ರದ ಕಾಲದಲ್ಲಿ ಸುದ್ದಿ ಚಿಕ್ಕದಾಗಿರಲೇಬೇಕಿತ್ತು. ಅದರಲ್ಲಿ ಜಾಗ ಸಿಗದ ಮುಖಗಳು, ದಾರಿಗಳು, ಭಯಗಳೇ ಕಪುಶ್ಚಿನ್‌ಸ್ಕಿಯವರ ಪುಸ್ತಕಗಳಾದವು. 1956ರಲ್ಲಿ ಅವರ ಮೊದಲ ದೊಡ್ಡ ವಿದೇಶ ಪ್ರಯಾಣ ಭಾರತಕ್ಕೇ ಆಗಿತ್ತು, ಆಗ ಇಂಗ್ಲಿಷ್ ಕೂಡ ಸರಿಯಾಗಿ ಬಾರದೆ ಅವರು ಪಟ್ಟ ಪಾಡು ಯಾವ ವರದಿಯಲ್ಲೂ ಬರುವಂಥದ್ದಲ್ಲ. ಆದ್ದರಿಂದ ಹಳೆಯ ಟಿಪ್ಪಣಿ ಪುಸ್ತಕ, ಪತ್ರ, ಟಿಕೆಟ್ಟುಗಳನ್ನು ಮೊದಲು ಹುಡುಕಿ ತೆಗೆಯಿರಿ.

ಇನ್ನು ಪರಿಶೀಲನೆ. ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೇ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂದೆ ಸೋವಿಯತ್ ಸೆರೆಯಿಂದ ತಪ್ಪಿಸಿಕೊಂಡು ಬಂದರೆಂದು ಕಪುಶ್ಚಿನ್‌ಸ್ಕಿ ಹೇಳುತ್ತಿದ್ದರು. 2010ರಲ್ಲಿ ಆರ್ತುರ್ ದೊಮೊಸ್ವಾಫ್ಸ್ಕಿ ಬರೆದ ಜೀವನಚರಿತ್ರೆ ಆ ಕಥೆಯನ್ನು ಪ್ರಶ್ನಿಸಿತು, ಅವರ ಬೇರೆ ಬರಹಗಳ ನಿಖರತೆಯೂ ಅದರೊಂದಿಗೆ ಚರ್ಚೆಗೆ ಬಂತು. ಇಷ್ಟು ಸಮರ್ಥ ಲೇಖಕರ ವಿಷಯದಲ್ಲಿ ಹೀಗಾದದ್ದು ನೋವಿನ ಸಂಗತಿ. ಹಾಗಾಗಿ ಪ್ರತಿಯೊಂದು ಘಟನೆಯನ್ನೂ ಒಡಹುಟ್ಟಿದವರ ಮುಂದೆ ಓದಿ, ಶಾಲಾ ದಾಖಲೆ ಮತ್ತು ಅಂದಿನ ಪತ್ರಿಕೆಗಳೊಂದಿಗೆ ತಾಳೆ ನೋಡಿ. ಅಕ್ಕ ಬೇರೆ ರೀತಿ ಹೇಳಿದರೆ ಅದನ್ನು ಅಡಿಟಿಪ್ಪಣಿಗೆ ತಳ್ಳದೆ, ನಿಮ್ಮ ನೆನಪಿನ ಪಕ್ಕದಲ್ಲೇ ಅಚ್ಚು ಹಾಕಿಸಿ.