ಕೊಳವೆಯ ಮೂಲಕ ಎಲ್4–ಎಲ್5 ಫ್ಯೂಷನ್: ಮಾಡುವ ಕ್ರಮ, ಎಡವುವ ಜಾಗಗಳು

ಚರ್ಮದ ಮೇಲಿನ ಗಾಯ ಚಿಕ್ಕದು ಎಂದ ಮಾತ್ರಕ್ಕೆ ಒಳಗಿನ ಕೆಲಸ ಕಡಿಮೆಯಾಗುವುದಿಲ್ಲ. ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಕಗಳು (ಎಲ್4, ಎಲ್5) ಕೂಡಿಕೊಳ್ಳುವುದು, ಅಂದರೆ ಫ್ಯೂಷನ್, ಅವುಗಳ ನಡುವಿನ ಡಿಸ್ಕ್ ಜಾಗವನ್ನು ಎಷ್ಟು ಚೆನ್ನಾಗಿ ಸಿದ್ಧಮಾಡಿದ್ದೀರಿ ಎಂಬುದರ ಮೇಲೆ. ಸ್ಕ್ರೂ, ರಾಡ್‌ಗಳು ಮೂಳೆ ಬೆಳೆಯುವವರೆಗೆ ಹಿಡಿದಿಡುತ್ತವೆ, ಅಷ್ಟೇ. ಇಲ್ಲಿರುವುದು ತರಬೇತಿಯಲ್ಲಿರುವ ಸರ್ಜನ್‌ಗಳಿಗಾಗಿ, ಒಂದು ಬದಿಯಿಂದ ಮಾಡುವ ಟಿಎಲ್‌ಐಎಫ್‌ನ (ನರ ಹೊರಬರುವ ರಂಧ್ರದ ಕಡೆಯಿಂದ ಡಿಸ್ಕ್ ತಲುಪಿ ಕಶೇರುಕ ಬೆಸೆಯುವ ಶಸ್ತ್ರಚಿಕಿತ್ಸೆ) ವಿವರ.

ರೋಗಿಯನ್ನು ಎಕ್ಸ್-ರೇ ಹಾಯುವ ಟೇಬಲ್ ಮೇಲೆ ಬೋರಲು ಮಲಗಿಸಿ. ಹೊಟ್ಟೆಗೆ ಏನೂ ಒತ್ತಬಾರದು. ಒತ್ತಿದರೆ ಎಪಿಡ್ಯೂರಲ್ ರಕ್ತನಾಳಗಳು (ನರಗಳ ಹೊದಿಕೆಯಾದ ಡ್ಯೂರಾದ ಸುತ್ತಲಿನವು) ಉಬ್ಬಿ, ಕೊಳವೆಯೊಳಗೆ ರಕ್ತ ಬಿಟ್ಟು ಬೇರೇನೂ ಕಾಣದು. ಸಿ-ಆರ್ಮ್‌ನ (ಶಸ್ತ್ರಚಿಕಿತ್ಸೆಯ ನಡುವೆ ಬಳಸುವ ಎಕ್ಸ್-ರೇ ಯಂತ್ರ) ನೇರ ಚಿತ್ರದಲ್ಲಿ ಸ್ಪೈನಸ್ ಪ್ರೋಸೆಸ್ (ಕಶೇರುಕದ ಹಿಂಬದಿಯ ಮೊನೆ) ಎರಡು ಪೆಡಿಕಲ್‌ಗಳ (ಕಶೇರುಕದ ಮುಂಭಾಗ, ಹಿಂಭಾಗ ಸೇರಿಸುವ ಮೂಳೆಕಂಬ) ಸರಿ ನಡುವೆ ಇರಬೇಕು, ಎಂಡ್‌ಪ್ಲೇಟ್ (ಡಿಸ್ಕ್‌ಗೆ ತಾಗುವ ಕಶೇರುಕದ ಮೇಲ್ಮೈ) ಒಂದೇ ಗೆರೆಯಾಗಿ ಕಾಣಬೇಕು. ಈ ಚಿತ್ರ ಓರೆಯಾದರೆ ಮುಂದಿನ ಅಳತೆಯೆಲ್ಲ ತಪ್ಪುತ್ತದೆ. ಯಾವ ಮಟ್ಟ ಎಂಬುದನ್ನು ಸೇಕ್ರಮ್‌ನಿಂದ (ಬೆನ್ನೆಲುಬಿನ ಬುಡದ ಮೂಳೆ) ಎಣಿಸಿ, ಎಂಆರ್‌ಐ ಜತೆ ತಾಳೆ ನೋಡಿ.

ಮಧ್ಯರೇಖೆಯಿಂದ 4ರಿಂದ 5 ಸೆಂ.ಮೀ. ಹೊರಗೆ, ಸುಮಾರು 3 ಸೆಂ.ಮೀ. ಉದ್ದ ಕೊಯ್ಯಿರಿ. ಫ್ಯಾಸಿಯಾ (ಸ್ನಾಯುವಿನ ಮೇಲಿನ ಪೊರೆ) ಬಿಡಿಸಿ, 1968ರಲ್ಲಿ ಸರ್ಜನ್ ವಿಲ್ಟ್ಸೆ ವಿವರಿಸಿದ ದಾರಿಯಲ್ಲಿ, ಮಲ್ಟಿಫಿಡಸ್ ಮತ್ತು ಲಾಂಜಿಸಿಮಸ್ ಸ್ನಾಯುಗಳ ನಡುವೆ, ಬೆರಳಿನಿಂದಲೇ ಫೇಸೆಟ್ ಕೀಲನ್ನು (ಕಶೇರುಕಗಳ ಹಿಂಬದಿಯ ಕೀಲು) ಮುಟ್ಟಿ. ಮೊದಲ ಡೈಲೇಟರ್ (ದಾರಿ ಅಗಲಿಸುವ ಕೊಳವೆ) ಮೂಳೆಗೆ ತಾಗಿದ್ದು ಕೈಗೆ ಗೊತ್ತಾಗಬೇಕು. ಇಲ್ಲಿ ದಾರಿ ತೋರುವ ತಂತಿ (ಗೈಡ್ ವೈರ್) ಬಳಸದಿರುವುದೇ ಲೇಸು: ಅದು ಎರಡು ಲ್ಯಾಮಿನಾಗಳ (ಕಶೇರುಕದ ಹಿಂಬದಿಯ ಮೂಳೆ ತಗಡು) ನಡುವೆ ಜಾರಿದರೆ ನೇರ ಡ್ಯೂರಾಕ್ಕೆ ಹೋಗುತ್ತದೆ. ಕೊನೆಗೆ 22 ಮಿ.ಮೀ. ಕೊಳವೆ ಇಟ್ಟು ಬಿಗಿಮಾಡಿ.

ಎಲ್4ರ ಕೆಳ ಫೇಸೆಟ್ ತೆಗೆಯಿರಿ, ಆಮೇಲೆ ಎಲ್5ರ ಮೇಲಿನ ಫೇಸೆಟನ್ನು ಪೆಡಿಕಲ್‌ನ ಅಂಚಿನವರೆಗೆ. ಆ ಮೂಳೆ ಚೂರುಗಳನ್ನು ಶುಚಿಮಾಡಿ ಎತ್ತಿಡಿ, ಡಿಸ್ಕ್ ಜಾಗಕ್ಕೆ ತುಂಬುವ ಮೂಳೆ (ಗ್ರಾಫ್ಟ್) ಅದೇ. ಮೂಳೆ ಕೆಲಸ ಮುಗಿಯುವವರೆಗೆ ಲಿಗಮೆಂಟಮ್ ಫ್ಲೇವಮ್ (ಲ್ಯಾಮಿನಾಗಳ ನಡುವಿನ ಹಳದಿ ಅಸ್ಥಿರಜ್ಜು) ಬಿಡಿಸಬೇಡಿ, ಡ್ಯೂರಾಕ್ಕೆ ಅದೇ ರಕ್ಷಣೆ. ಈಗ ಕಾಣುವ ತ್ರಿಕೋನದಲ್ಲಿ ಹೊರಗಡೆ ಎಲ್4 ನರ, ಒಳಗಡೆ ಎಲ್5 ನರ ಮತ್ತು ಡ್ಯೂರಾ, ಕೆಳಗೆ ಎಲ್5ರ ಅಂಚು.

ಡಿಸ್ಕ್‌ಗೆ ಸಮಯ ಕೊಡಿ. ಶೇವರ್ (ತಿರುಗಿಸಿ ಡಿಸ್ಕ್ ಕೆರೆಯುವ ಉಪಕರಣ) ಚಿಕ್ಕದರಿಂದ ದೊಡ್ಡದಕ್ಕೆ, ಆಮೇಲೆ ಬಾಗಿದ ಕ್ಯುರೆಟ್‌ನಿಂದ ಎದುರು ಬದಿಯವರೆಗೂ ಕೆರೆಯಿರಿ. ನುಣುಪಾದ ಕಾರ್ಟಿಲೇಜ್ ಹೋಗಿ ಒರಟು ಮೂಳೆ, ಅಲ್ಲಲ್ಲಿ ರಕ್ತದ ಚುಕ್ಕೆ ಕಂಡರೆ ಸಾಕು. ಇನ್ನೂ ಕೆರೆದರೆ ಎಂಡ್‌ಪ್ಲೇಟ್ ಒಡೆದು ಕೇಜ್ (ಡಿಸ್ಕ್ ಜಾಗದಲ್ಲಿ ಇಡುವ ಆಸರೆ) ಕುಸಿಯುತ್ತದೆ. ಟೊಳ್ಳು ಮೂಳೆಯವರಲ್ಲಿ ಶೇವರ್ ತಿರುಗಿಸುವಾಗಲೇ ಒಡೆಯಬಹುದು. ಮುಂಭಾಗದ ಆ್ಯನ್ಯುಲಸ್ (ಡಿಸ್ಕ್‌ನ ಹೊರ ಉಂಗುರ) ದಾಟಬೇಡಿ, ಅದರಾಚೆ ದೊಡ್ಡ ರಕ್ತನಾಳಗಳಿವೆ. ಗ್ರಾಫ್ಟನ್ನು ಮುಂದಕ್ಕೆ ತುಂಬಿದ ಮೇಲೆ ಕೇಜ್ ಹಾಕಿ, ಅದೂ ಆದಷ್ಟು ಮುಂದೆ, ಮಧ್ಯರೇಖೆ ದಾಟುವಂತೆ. ಹಿಂದೆಯೇ ಉಳಿದ ಕೇಜ್ ಜಾರುತ್ತದೆ, ಸೊಂಟದ ಸಹಜ ಬಾಗನ್ನೂ ತಿನ್ನುತ್ತದೆ.

ಸ್ಕ್ರೂಗೆ ಜಮ್ಶಿದಿ ಸೂಜಿಯ (ಮೂಳೆಯೊಳಗೆ ಹೋಗುವ ಟೊಳ್ಳು ಸೂಜಿ) ತುದಿಯನ್ನು ನೇರ ಚಿತ್ರದಲ್ಲಿ ಪೆಡಿಕಲ್ ವೃತ್ತದ ಹೊರ ಅಂಚಿನಲ್ಲಿಡಿ: ಬಲಕ್ಕೆ 3 ಗಂಟೆ, ಎಡಕ್ಕೆ 9 ಗಂಟೆ. ಸುಮಾರು 20 ಮಿ.ಮೀ. ಒಳಹೋಗುವವರೆಗೆ ತುದಿ ವೃತ್ತದ ಒಳ ಅಂಚು ದಾಟಬಾರದು. ಆಗ ಅಡ್ಡ ಚಿತ್ರ (ಪಕ್ಕದಿಂದ ಕಾಣುವುದು) ತೆಗೆಯಿರಿ: ತುದಿ ಕಶೇರುಕದ ಹಿಂಗೋಡೆ ದಾಟಿರಬೇಕು. ದಾಟುವ ಮೊದಲೇ ಒಳ ಅಂಚು ಮುಟ್ಟಿದ್ದರೆ ಸೂಜಿ ನರಗಳಿರುವ ಕಾಲುವೆಯ ಕಡೆ ಹೊರಟಿದೆ. ಹೊರತೆಗೆದು ಇನ್ನೂ ನೆಟ್ಟಗೆ ಹಾಕಿ. ಸೂಜಿಯೊಳಗಿಂದ ತಂತಿ ಇಳಿಸಿ ಸೂಜಿ ತೆಗೆಯಿರಿ. ಅದರ ಮೇಲೆ ಟ್ಯಾಪ್ (ಸ್ಕ್ರೂಗೆ ದಾರಿ ಕೊರೆಯುವ ಉಪಕರಣ) ತಿರುಗಿಸುವಾಗ ತಂತಿ ಅದರ ಜತೆ ಮುಂದೆ ಸರಿಯುವುದುಂಟು. ಸಹಾಯಕರು ತಂತಿ ಹಿಡಿದೇ ಇರಲಿ, ನಡುನಡುವೆ ಅಡ್ಡ ಚಿತ್ರ ನೋಡಿ, ಸ್ಕ್ರೂ ಕಶೇರುಕದೊಳಗೆ ಹೊಕ್ಕ ಕೂಡಲೇ ತಂತಿ ತೆಗೆಯಿರಿ. ಎಲ್4 ಸ್ಕ್ರೂ ತಲೆ ಎಲ್3–ಎಲ್4 ಫೇಸೆಟ್‌ಗೆ ಉಜ್ಜದಿರಲಿ.

ರಾಡ್ ಫ್ಯಾಸಿಯಾದ ಕೆಳಗೆ ಹೋಗಬೇಕು, ಎರಡೂ ಸ್ಕ್ರೂ ತಲೆಗಳಿಂದ ತುಸು ಹೊರಚಾಚಿರಬೇಕು. ಮೆಲ್ಲಗೆ ಕಂಪ್ರೆಸ್ ಮಾಡಿ ಬಿಗಿಮಾಡಿ, ಎಲ್4 ನರ ಸಡಿಲವಾಗಿದೆಯೇ ಎಂದು ಮತ್ತೆ ನೋಡಿ. ಡ್ಯೂರಾ ಹರಿದಿದ್ದರೆ ಹೊಲಿಯಲು ಜಾಗವಿದ್ದಲ್ಲಿ ಹೊಲಿಯಿರಿ. ಸಣ್ಣ ಸೀಳಿಗೆ ಪ್ಯಾಚ್, ಫೈಬ್ರಿನ್ ಗ್ಲೂ ಹಾಕಿ ಫ್ಯಾಸಿಯಾ ಭದ್ರವಾಗಿ ಮುಚ್ಚಿ.

ಎಚ್ಚರವಾದ ಕೂಡಲೇ ಪಾದ, ಹೆಬ್ಬೆರಳು ಎತ್ತಿಸಿ ನೋಡಿ. ಮೊದಲಿಲ್ಲದ ಬಲಹೀನತೆ ಕಂಡರೆ ಕಾಯದೆ ಅಂದೇ ಸಿಟಿ ಮಾಡಿಸಿ.