ಸ್ಟಾಂಪ್ ಕಮ್ಮಿ ಬಿದ್ದರೆ ಕಾಗದ ಏನಾಗುತ್ತೆ?

ಲಗ್ನದ ಗಡಿಬಿಡಿಯಲ್ಲಿ ದಾವಣಗೆರೆಯಿಂದ ಚಿತ್ರದುರ್ಗದ ಸೋದರತ್ತೆಗೆ ನಾನೇ ಲಗ್ನಪತ್ರಿಕೆ ಕಳಿಸಿದ್ದೆ. ಕವರ್ ಅಂಟಿಸಿ, ಐದು ರೂಪಾಯಿ ಸ್ಟಾಂಪ್ ಹಚ್ಚಿ, ಕೆಂಪು ಡಬ್ಬಿಗೆ ಹಾಕಿ ಬಂದೆ. ನಾಲ್ಕು ದಿನ ಬಿಟ್ಟು ಅತ್ತೆ ಫೋನ್ ಮಾಡಿದರು: "ಪತ್ರಿಕೆ ಬಂತಪ್ಪಾ. ಇಪ್ಪತ್ತು ರೂಪಾಯಿ ಕೊಟ್ಟು ಬಿಡಿಸ್ಕೊಂಡೆ." ನನಗೆ ತುಂಬಾ ಬೇಜಾರಾಯಿತು. ಲಗ್ನಕ್ಕೆ ಬನ್ನಿ ಅಂತ ಕರೆದವನು ನಾನು, ದುಡ್ಡು ಕೊಟ್ಟವರು ಅವರು.

ಹಳಬರು ಇದನ್ನೇ ಬೇರಿಂಗ್ ಕಾಗದ ಅಂತಿದ್ದರು. ಸ್ಟಾಂಪ್ ಸಾಲದಿದ್ದರೆ ಅಂಚೆಯವರು ಕಾಗದವನ್ನು ಬಿಸಾಡುವುದಿಲ್ಲ. ತೂಕ ನೋಡಿ, ಬಾಕಿ ಎಷ್ಟು ಅಂತ ಕವರಿನ ಮೇಲೆ ಗುರುತು ಹಾಕಿ ಮುಂದೆ ಕಳಿಸುತ್ತಾರೆ. ಕಮ್ಮಿ ಬಿದ್ದದ್ದರ ಎರಡರಷ್ಟನ್ನು ತೆಗೆದುಕೊಳ್ಳುವವರು ಕೊಡಬೇಕು. ಸಾಮಾನ್ಯ ಪತ್ರಕ್ಕೆ ಮೊದಲ 20 ಗ್ರಾಂಗೆ 5 ರೂಪಾಯಿ, ಆಮೇಲೆ ಪ್ರತಿ 20 ಗ್ರಾಂಗೆ ಮತ್ತೆ 5. ನನ್ನ ಪತ್ರಿಕೆ 55 ಗ್ರಾಂ ಇತ್ತು. ಅಂದರೆ 15 ರೂಪಾಯಿ ಬೇಕಿತ್ತು. ಹಚ್ಚಿದ್ದು ಐದು, ಕಮ್ಮಿ ಬಿದ್ದದ್ದು ಹತ್ತು, ಅತ್ತೆ ಕೊಟ್ಟದ್ದು ಇಪ್ಪತ್ತು.

ಬೇಡ ಅನ್ನುವ ಹಕ್ಕು ತೆಗೆದುಕೊಳ್ಳುವವರಿಗೆ ಇದೆ. ಆದರೆ ಕವರ್ ಒಡೆಯುವ ಮುಂಚೆಯೇ ಹೇಳಬೇಕು. ಆಗ ಅದು ಕಳಿಸಿದವರಿಗೇ ವಾಪಸ್ ಬರುತ್ತದೆ, ಬಾಕಿಯನ್ನು ಅವರೇ ಕಟ್ಟಬೇಕಾಗುತ್ತದೆ. ಅಷ್ಟರಲ್ಲಿ ಲಗ್ನವೇ ಮುಗಿದಿರುತ್ತೆ, ಅಲ್ವಾ?

ಹಾಗಾಗಿ ಮೊದಲು ತೂಕ ನೋಡಿ. 80 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಒಂದು ಎ4 ಹಾಳೆ ಹೆಚ್ಚುಕಮ್ಮಿ 5 ಗ್ರಾಂ. ನಾಲ್ಕು ಹಾಳೆಗೇ 20 ಆಯಿತು, ಕವರಿನ ತೂಕ ಬೇರೆ. ಅಂದರೆ ನಾಲ್ಕು ಹಾಳೆಯ ಕಾಗದಕ್ಕೆ ಐದು ರೂಪಾಯಿ ಸ್ಟಾಂಪ್ ಸಾಲುವುದಿಲ್ಲ. ಲಗ್ನಪತ್ರಿಕೆಯ ದಪ್ಪ ರಟ್ಟಿನದಂತೂ ಕೇಳಲೇಬೇಡಿ. ಮಂಡಕ್ಕಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಬಹುದು, ಆದರೆ ಒಂದೆರಡು ಗ್ರಾಂ ಹೆಚ್ಚುಕಮ್ಮಿ ಅದರಲ್ಲಿ ಗೊತ್ತಾಗಲಿಕ್ಕಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಟ್ಟರೆ ಅವರೇ ತೂಗಿ ಹೇಳುತ್ತಾರೆ. ಮೂವತ್ತು ಪತ್ರಿಕೆ ಒಂದೇ ಥರದ್ದಿದ್ದರೆ ಒಂದನ್ನು ತೂಗಿಸಿದರೆ ಸಾಕು.

ಸ್ಟಾಂಪ್ ಹಚ್ಚುವಾಗ ರೆವೆನ್ಯೂ ಸ್ಟಾಂಪ್ ಕೈಗೆ ಬಂದಿಲ್ಲ ತಾನೇ, ನೋಡಿಕೊಳ್ಳಿ. ಅದು ಅಂಚೆಗೆ ನಡೆಯುವುದಿಲ್ಲ. ಇನ್‌ಲ್ಯಾಂಡ್ ಲೆಟರ್ ಒಳಗೆ ಫೋಟೊ, ಕುಂಕುಮದ ಪೊಟ್ಟಣ ಇಡಬೇಡಿ. ಏನನ್ನೂ ಇಡಬಾರದೆಂದು ಅದರ ಮೇಲೇ ಅಚ್ಚಾಗಿರುತ್ತದೆ.

ಕವರಿನ ಹಿಂದೆ ನಿಮ್ಮ ವಿಳಾಸ, ಪಿನ್ ಕೋಡ್ ಸಮೇತ ಬರೆಯಿರಿ. ಅದಿಲ್ಲದ ಕಾಗದವನ್ನು ಅಲ್ಲಿ ಯಾರೂ ತೆಗೆದುಕೊಳ್ಳದಿದ್ದರೆ ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತದೆ. ಕಳಿಸಿದವರು ಯಾರು ಅಂತ ತಿಳಿಯಲು ಅಲ್ಲಿ ಅದನ್ನು ಒಡೆದು ನೋಡುತ್ತಾರೆ.